ಗ್ರ್ಯಾಂಡ್, ಅಜ್ಜಿ!

ತೀರ್ಥಹಳ್ಳಿಯಿಂದ ಅಜ್ಜಿಯ ವಿಡಿಯೋ ಕಾಲ್. ಮೊಮ್ಮಗ ಐರ್ಲೆಂಡಿನ ಗಾಲ್ವೇಯಲ್ಲಿ ಎಂ.ಎಸ್ಸಿ. ವಿದ್ಯಾರ್ಥಿ.

"ಊರು ಎಷ್ಟು ದೊಡ್ಡದೋ ಮಾಣಿ?"

"ಸುಮಾರು 85 ಸಾವಿರ ಜನ."

"ನಮ್ಮ ಸಾಗರ ಪೇಟೆಗಿಂತ ದೊಡ್ಡದು, ಅಷ್ಟೇ. ಇದಕ್ಕೆ ತೋಟ ಅಡವಿಟ್ಟು ವಿಮಾನ ಹತ್ತಿದ್ಯಾ?"

"ಯೂನಿವರ್ಸಿಟಿ 1845ರದ್ದು ಅಜ್ಜಿ!"

"ಅಷ್ಟು ವರ್ಷ ಆದ್ರೂ ಹಾಸ್ಟೆಲ್ ಕಟ್ಟಿಲ್ವಾ?"

"ಕಟ್ಟಿದಾರೆ, ಸಾಲಲ್ಲ. ಒಬ್ಬರ ಮನೇಲಿ ರೂಮು ಸಿಕ್ಕಿದೆ. ಸೋಮವಾರದಿಂದ ಶುಕ್ರವಾರದವರೆಗೆ ಮಾತ್ರ."

"ಶನಿವಾರ, ಭಾನುವಾರ?"

"ಇಲ್ಲಿನ ಮಕ್ಕಳು ಬಸ್ಸು ಹತ್ತಿ ಅಮ್ಮನ ಹತ್ರ ಹೋಗ್ತಾರೆ."

"ನೀನು?"

"ಕೆಲಸಕ್ಕೆ. ಕ್ಲಾಸು ನಡೆಯೋವಾಗ ವಾರಕ್ಕೆ 20 ಗಂಟೆ ಬಿಡ್ತಾರೆ. ರಾತ್ರಿ ಗೆಳೆಯನ ಸೋಫಾ."

"ಮಳೆ ಹೇಗಿದೆ?"

"ನಿಂತ್ರೆ ತಾನೆ! ಛತ್ರಿ ಬಿಚ್ಚಿದ್ರೆ ಅಟ್ಲಾಂಟಿಕ್ ಗಾಳಿ ಕಿತ್ಕೊಂಡು ಹೋಗತ್ತೆ. ಇಲ್ಲಿಯವರು ಮಾತ್ರ ಎಲ್ಲಕ್ಕೂ 'ಗ್ರ್ಯಾಂಡ್' ಅಂತಾರೆ."

"ಗ್ರ್ಯಾಂಡಾ? ಅದೇನು ಮದುವೆ ಮನೆಯಾ?"

"ಇಲ್ಲಿ ಗ್ರ್ಯಾಂಡ್ ಅಂದ್ರೆ 'ಪರವಾಗಿಲ್ಲ' ಅಂತ."

"ಆಗುಂಬೆ ಪಕ್ಕದಲ್ಲೇ ಇತ್ತಲ್ಲೋ! ಮಳೆ ಪುಕ್ಕಟೆ ಸಿಗ್ತಿತ್ತು, ಭಾನುವಾರವೂ ಮನೆ ಇರ್ತಿತ್ತು." ಅಜ್ಜಿ ನಿಟ್ಟುಸಿರಿಟ್ಟರು. "ಹೋಗ್ಲಿ, ಊಟ ಆಯ್ತಾ?"

ಮೊಮ್ಮಗ ಸೋಫಾದ ಮೇಲಿದ್ದ ಒಣ ಬ್ರೆಡ್ಡು ನೋಡಿದ.

"ಗ್ರ್ಯಾಂಡ್, ಅಜ್ಜಿ."