ಸೂಜಿ ಪ್ರಿಯರೇ, ಸ್ವಲ್ಪ ಕಾಲು ತೋರಿಸಿ

ಜ್ವರ ಅಂತ ರಾಮಕುಂಜದಿಂದ ಉಪ್ಪಿನಂಗಡಿಗೆ ಹೋಗಿ, ಬರೀ ಮಾತ್ರೆ ಕೊಟ್ಟ ಡಾಕ್ಟರ್ರನ್ನು ವಾಪಸ್ ಆತೂರಿಗೆ ಮುಟ್ಟುವವರೆಗೂ ಬೈದದ್ದು ನೀವೇ ಅಲ್ವಾ? "ಎಂತ ಡಾಕ್ಟರ್ ಮಾರಾಯ್ರೆ, ಒಂದು ಸೂಜಿ ಸಹ ಹಾಕ್ಲಿಲ್ಲ!" (ಫೀಸು ಕೊಟ್ಟ ಮೇಲೆ ಸೊಂಟಕ್ಕೊಂದು ಚುಚ್ಚಿಸಿಕೊಳ್ಳದೆ ಬಂದ್ರೆ ನಷ್ಟವೇ ಬಿಡಿ.) ಈಗ ನೋಡಿ, ಸೂಜಿಯಿಂದಲೇ ಹೋಗುವಂಥ ತೊಂದ್ರೆ ನಿಮ್ಮ ಕಾಲಿಗೇ ಬಂದಿದೆ. ನೀವು ನೆರಿಗೆ ಕೆಳಗೆಳೆದು ಮುಚ್ತಾ ಇದ್ದೀರಿ!

ಹೆದರ್ಬೇಡಿ, ನಾನು ಯಾರಿಗೂ ಹೇಳುದಿಲ್ಲ. ಮೊಣಕಾಲಿನ ಹಿಂದೆ, ಪಾದದ ಗಂಟಿನ ಹತ್ರ ನೀಲಿ-ಕೆಂಪು ಗೆರೆಗಳು, ಅದೇ ಅಲ್ವಾ? ಗಂಡಸರೇ, ನಗ್ಬೇಡಿ. ಮುಂಡು ಎತ್ತಿ ಕಟ್ಟಿ ತೋಟಕ್ಕಿಳಿದಾಗ ನಿಮ್ಮ ಮೀನಖಂಡದಲ್ಲಿ ಸಿರೆ ಎದ್ದು ನಿಂತದ್ದೂ ಊರಿಗೆಲ್ಲ ಕಾಣ್ತದೆ. (ಅದನ್ನು ನೀವು "ದುಡಿದ ಕಾಲು" ಅಂತ ಜಂಬ ಕೊಚ್ಚುದು ಬೇರೆ.)

ಕೆರೆಯ ಪಂಪಿನ ಫುಟ್‌ವಾಲ್ವ್ ಲೀಕಾದ್ರೆ ಎಂತ ಆಗ್ತದೆ? ಪೈಪಿಗೆ ಏರಿದ ನೀರು ಪುನಃ ಕೆರೆಗೆ. ಕಾಲಿನ ಸಿರೆಗಳ ಒಳಗೂ ಅಂಥದ್ದೇ ವಾಲ್ವ್‌ಗಳುಂಟು, ರಕ್ತ ಮೇಲಕ್ಕೆ ಮಾತ್ರ ಹೋಗುವ ಹಾಗೆ. ಅವು ಸಡಿಲ ಆದ್ರೆ ರಕ್ತ ಕೆಳಗೇ ನಿಂತು ಸಿರೆ ಉಬ್ತದೆ.

ದಿನವಿಡೀ ಕ್ಲಾಸಲ್ಲಿ ನಿಲ್ಲುದು, ಬಸಿರು, ಏರಿದ ತೂಕ, ಎಲ್ಲ ಸೇರ್ತದೆ. ಆದ್ರೆ ವಂಶದ ಪಾಲು ಸಣ್ಣದಲ್ಲ. ತೋಟದ ಪಾಲಿಗೆ ಅಣ್ಣ-ತಮ್ಮ ಕೋರ್ಟಿಗೆ ಹೋದ್ರಲ್ಲ, ಇದು ನೋಡಿ, ತಕರಾರಿಲ್ಲದೆ ಬಂದ ಆಸ್ತಿ!

ಇನ್ನು ಚಿಕಿತ್ಸೆ. ಸುಮಾರು 3 ಮಿಲಿಮೀಟರಿಗಿಂತ ಸಣ್ಣ ಸಿರೆಗಳಿಗೆ ಸ್ಕ್ಲೆರೋಥೆರಪಿ ಅಂತ ಮಾಡ್ತಾರೆ. ಕೂದಲಿನಷ್ಟು ಸಪೂರದ ಸೂಜಿಯಲ್ಲಿ ಪೊಲಿಡೋಕನಾಲ್ ಥರದ ಮದ್ದನ್ನು ಆ ಸಿರೆಯ ಒಳಗೇ ಬಿಡುದು. ಸಿರೆಯ ಒಳಪದರ ಕೆರಳಿ, ಗೋಡೆಗೆ ಗೋಡೆ ಅಂಟಿ, ಸಿರೆ ಮುಚ್ಚಿ ಹೋಗ್ತದೆ. ಆಮೇಲೆ ಅದನ್ನು ಮೈಯೇ ನಿಧಾನಕ್ಕೆ ಕರಗಿಸ್ತದೆ.

"ಅಯ್ಯೋ, ಮತ್ತೆ ರಕ್ತ ಎಲ್ಲಿ ಹೋಗುದು?" ಅಂತ ನಿಮ್ಮ ಅತ್ತಿಗೆ ಕೇಳ್ತಾರೆ, ಗ್ಯಾರಂಟಿ. ಒಳಗೆ ಆಳದಲ್ಲಿ ದೊಡ್ಡ ಸಿರೆಗಳುಂಟಲ್ಲ, ಅದರಲ್ಲಿ. ನೋವೂ ಅಷ್ಟಿಲ್ಲ, ಪೊಲಿಡೋಕನಾಲ್ ಮೊದಲು ಹುಟ್ಟಿದ್ದೇ ಮರಗಟ್ಟಿಸುವ ಮದ್ದಾಗಿ. ಅದೂ ಒಂದೇ ಚುಚ್ಚಲ್ಲ, ಒಂದೇ ಸಲಕ್ಕೆ ಹಲವು ಕಡೆ! (ಕೊಟ್ಟ ಫೀಸಿಗೆ ಈಗ ಸಮಾಧಾನ ಆಯ್ತಾ?)

ಆದ್ರೆ ಸೀದಾ ಹೋಗಿ "ಚುಚ್ಚಿ" ಅಂತ ಕಾಲು ಚಾಚ್ಬೇಡಿ. ಮೊದಲು ಡಾಪ್ಲರ್ ಸ್ಕ್ಯಾನ್ ಮಾಡಿ ತೊಡೆಸಂದಿಯ ಹತ್ರದ ದೊಡ್ಡ ವಾಲ್ವ್ ನೋಡ್ತಾರೆ. ಅದೇ ಲೀಕಾಗಿದ್ರೆ ಕೆಳಗಿನ ಗೆರೆ ಮಾತ್ರ ಮುಚ್ಚಿ ಪ್ರಯೋಜನ ಇಲ್ಲ, ಪುನಃ ಬರ್ತದೆ. ಬಸುರಿಯರಿಗೆ ಈ ಸೂಜಿ ಹಾಕುದಿಲ್ಲ. ಹಿಂದೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿದ್ರೆ ಮೊದಲೇ ಬಾಯಿ ಬಿಟ್ಟು ಹೇಳಿ. ಒಂದೇ ಕಾಲು ಏಕಾಏಕಿ ಬಾತು ನೋಯ್ಲಿಕ್ಕೆ ಶುರುವಾದ್ರೆ ಮಾತ್ರ ಈ ಹರಟೆ ಬದಿಗಿಟ್ಟು ಆಸ್ಪತ್ರೆಗೆ ಓಡಿ.

ಈಗ ನಿಮಗೆ ಬೇಜಾರಾಗುವ ವಿಷಯ. ಸೂಜಿ ಆಯ್ತು ಅಂತ ಮಂಚ ಹತ್ತಿ, ಮಗಳ ಕೈಯಲ್ಲಿ ಗಂಜಿ ತರಿಸಿಕೊಳ್ಳುವ ಯೋಚನೆ ಇತ್ತಲ್ಲ? ನಡೆಯುದಿಲ್ಲ! ಕೂಡಲೇ ಎದ್ದು ನಡೀರಿ ಅಂತಾರೆ. ಜೊತೆಗೆ ಬಿಗಿ ಸ್ಟಾಕಿಂಗ್ಸ್. ನಮ್ಮ ಬೇಸಗೆಯ ಸೆಕೆಗೆ, ಬೆವರುವ ಕಾಲಿಗೆ ಅದನ್ನು ಏರಿಸುವ ಯುದ್ಧ ಉಂಟಲ್ಲ, ಗಂಡ-ಹೆಂಡತಿ ಇಬ್ಬರೂ ಬೇಕು. (ಹಾಕಿದ ಮೇಲೆ ಅರ್ಧ ಗಂಟೆ ಇಬ್ಬರಿಗೂ ಮಾತಿಲ್ಲ.)

ಮತ್ತೆ ಬರುವ ವಾರ ಮದುವೆ ಅಂತ ಇವತ್ತು ಓಡ್ಬೇಡಿ. ಮೊದಮೊದಲು ಕಾಲು ಕಂದಿ ಇನ್ನೂ ಕೆಟ್ಟದಾಗಿ ಕಾಣುದುಂಟು. ಸಣ್ಣ ಗೆರೆ ಮಾಸ್ಲಿಕ್ಕೆ 3ರಿಂದ 6 ವಾರ, ಸ್ವಲ್ಪ ದೊಡ್ಡದಕ್ಕೆ ಮೂರ್ನಾಲ್ಕು ತಿಂಗಳು ಬೇಕು. ಕೆಲವರಿಗೆ ಕಂದು ಕಲೆ ಉಳೀತದೆ, ಇನ್ನೊಂದು ಸಲ ಚುಚ್ಚಿಸಬೇಕಾಗಿಯೂ ಬರ್ತದೆ.

ಹಾಗಾದ್ರೆ ಯಾವಾಗ ಮಾಡಿಸ್ತೀರಿ? ಮಳೆಗಾಲದಲ್ಲಿ ಆಗುದಿಲ್ಲ, ಅಡಿಕೆಗೆ ಮದ್ದು ಬಿಡ್ಲಿಕ್ಕುಂಟು. (ಕೊಳೆರೋಗ ಬರುವ ಮೊದಲೇ ಮರಕ್ಕೆ ಬೋರ್ಡೋ, ಸ್ವಂತ ಕಾಲಿಗೆ ವಾಟ್ಸಾಪಿನಲ್ಲಿ ಬಂದ ಎಣ್ಣೆ!) ದೀಪಾವಳಿ ಕಳೆದ್ರೆ ಕೊಯ್ಲು, ಮತ್ತೆ ಅಡಿಕೆ ಸುಲಿಯುದು. ಆಮೇಲೆ ನೇಮ, ಜಾತ್ರೆ, ಬ್ರಹ್ಮಕಲಶ, ಊರ ಮೇಲಿನ ಮದುವೆಗಳು. ಎಲ್ಲ ಮುಗಿಯುವಾಗ ಪುನಃ ಮಳೆ. ಸರಿ, ನಾಳೆ ಬೆಳಿಗ್ಗೆಯೇ ಪುತ್ತೂರಿಗೆ ಹೋಗಿ ಒಮ್ಮೆ ತೋರಿಸಿ ಬನ್ನಿ ಅಂದ್ರೆ... ಎಂತ? ನಾಳೆ ಶನಿವಾರವಾ?