ಹವಲ್ಲಿಯ ತ್ರುಟಿತ ಪ್ರತಿ: ಒಂದು ಟ್ರಾನ್ಸಿಸ್ಟರಿನ ಕಾಲ, ದೇಶ, ಮತ ವಿಚಾರ

ಕವಿಗಳ ಕಾಲ, ದೇಶ, ಮತಗಳನ್ನು ನಿರ್ಣಯಿಸುವ ವಿದ್ಯೆಯಲ್ಲಿ ಕನ್ನಡಿಗರು ಯಾರಿಗೂ ಕಡಿಮೆಯಿಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೂರು ಸಂಪುಟಗಳು 1907ರಿಂದ 1929ರೊಳಗೆ ಹೊರಬಂದು, ಊರುಕೇರಿ ಗೊತ್ತಿಲ್ಲದೆ ಅಲೆಯುತ್ತಿದ್ದ ಎಷ್ಟೋ ಕವಿಗಳಿಗೆ ಒಂದೊಂದು ನೆಲೆ ಮಾಡಿಕೊಟ್ಟವು. ಇಷ್ಟೆಲ್ಲ ಆದರೂ ಆ ಶಾಸ್ತ್ರವನ್ನು ಮೂರು ಕಾಲಿನ ಒಂದು ಬಡ ಟ್ರಾನ್ಸಿಸ್ಟರಿಗೆ ಅನ್ವಯಿಸುವ ಕೆಲಸ ನಮ್ಮ ವಿದ್ವಾಂಸರಿಂದ ಆಗಿಲ್ಲ. ಅವರೆಲ್ಲ ಓಲೆಗರಿಯಲ್ಲಿ ಮುಳುಗಿದ್ದರು, ಇರಲಿ. ಆ ಕೊರತೆ ನೀಗುವ ಭಾರ ಈಗ ಕುವೈತಿನ ಹವಲ್ಲಿಯ ಮೇಲೆ ಬಿದ್ದಿದೆ.

ಮೊದಲು ಪ್ರತಿಯ ಸ್ವರೂಪ. ಇದು ದೊರೆತದ್ದು ಹವಲ್ಲಿಯ ಒಂದು ಬಾಡಿಗೆ ಫ್ಲ್ಯಾಟಿನಲ್ಲಿ, ಹಿಂದೆ ಇದ್ದವರು ಬಿಟ್ಟುಹೋದ ಸ್ಟೀರಿಯೋ ಆಂಪ್ಲಿಫೈಯರಿನ ಹೊಟ್ಟೆಯಲ್ಲಿ. ಎಡಗಡೆ ಸ್ಪೀಕರ್ ಹಾಡುತ್ತದೆ, ಬಲಗಡೆಯದು ಮೂಕ. ಮುಚ್ಚಳ ಬಿಚ್ಚಿದರೆ ಹೀಟ್‌ಸಿಂಕಿಗೆ ಒರಗಿದ ಒಂದು ಟ್ರಾನ್ಸಿಸ್ಟರ್ ಸುಟ್ಟು ಸಿಡಿದಿದೆ. ಅದರ ಎದೆಯ ಮೇಲಿನ ಶಾಸನಪಾಠ ಇಷ್ಟೇ: ‘ಡಿ31...’. ಕೊನೆಯ ಅಂಕಿ ಇರಬೇಕಾದ ಕಡೆ ಒಂದು ಗುಳಿ. ಯಂತ್ರದ ಸರ್ವಿಸ್ ಮ್ಯಾನುಯಲ್ ಕೈಯಲ್ಲಿದ್ದಿದ್ದರೆ ಪುಟ ತಿರುಗಿಸಿ ಅಂಕಿ ನೋಡಿಕೊಳ್ಳಬಹುದಿತ್ತು. ಇಲ್ಲದ್ದರಿಂದ ವಿದ್ವತ್ತಿಗೆ ಅವಕಾಶವಾಯಿತು.

ಲಿಪಿ ಓದುವ ಕ್ರಮ ಹೀಗೆ. ಟ್ರಾನ್ಸಿಸ್ಟರನ್ನು ಬಾಯಿಯ ಹತ್ತಿರ ಹಿಡಿದು ‘ಹಾ’ ಎಂದು ಬಿಸಿಯುಸಿರು ಬಿಡಬೇಕು. ಹಬೆ ಕೂತ ಕ್ಷಣದಲ್ಲಿ ಅಳಿಸಿಹೋದ ಅಕ್ಷರ ಅರೆಗಳಿಗೆ ಎದ್ದು ನಿಂತು ಮತ್ತೆ ಮುಳುಗುತ್ತದೆ. ಅದಾಗದಿದ್ದರೆ ಸೀಮೆಸುಣ್ಣ ಉಜ್ಜಿ ಬೆರಳಿನಿಂದ ಒರೆಸಬೇಕು. ಗೀರಿನೊಳಗೆ ಪುಡಿ ಉಳಿದು ಅಂಕಿ ಬಿಳುಪಾಗಿ ಕಾಣುತ್ತದೆ. ಕೊನೆಯ ಉಪಾಯ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯುವುದು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬಿ.ಎಲ್. ರೈಸ್ ಅವರಾಗಲಿ, 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣ ಅವರಾಗಲಿ ಶಾಸನವನ್ನು ಅಂಗೈಯಲ್ಲಿಟ್ಟು ಊದುವ ಸೌಕರ್ಯ ಹೊಂದಿರಲಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಶಾಖೆ ಮುಂದಿದೆ.

ಇನ್ನು ಕಾಲವಿಚಾರ. ಐಸಿಗಳ ಬೆನ್ನ ಮೇಲೆ ಸಾಮಾನ್ಯವಾಗಿ ನಾಲ್ಕು ಅಂಕಿಯ ತಿಥಿಯೊಂದು ಇರುತ್ತದೆ: ಮೊದಲೆರಡು ವರ್ಷ, ಕೊನೆಯೆರಡು ವಾರ. 8832 ಎಂದರೆ 1988ರ 32ನೆಯ ವಾರ. ಶಕವರ್ಷ, ಸಂವತ್ಸರ, ಅಧಿಕಮಾಸಗಳ ಗೊಂದಲ ಅನುಭವಿಸಿದವರಿಗೆ ಇದು ಸ್ವರ್ಗ ಅನ್ನಿಸಬಹುದು. ಅನ್ನಿಸಿದ ಮರುಗಳಿಗೆಯಲ್ಲೇ 7432 ಎದುರಾಗುತ್ತದೆ. ಅದು 1974ರ 32ನೆಯ ವಾರವೋ, ಅಥವಾ 7432 ಎಂಬ ಹೆಸರಿನ, ಒಳಗೆ ನಾಲ್ಕು ಆರ್ ಗೇಟುಗಳಿರುವ ಐಸಿಯೋ? ಹೆಸರೇ ತಿಥಿಯಾಗಿ ತಿಥಿಯೇ ಹೆಸರಾಗುವ ಇಂಥ ಶ್ಲೇಷ ನಮ್ಮ ಚಂಪೂ ಕವಿಗಳಿಗೂ ಹೊಳೆದಿರಲಾರದು. ಹವಲ್ಲಿಯ ಡಬ್ಬಿಗಳಲ್ಲಿ 9031 ಎಂಬ ತಿಥಿಯ ಐಸಿ ಸಿಕ್ಕರೆ ಮಾತ್ರ ಸಂಶೋಧಕ ಸ್ವಲ್ಪ ನಿಲ್ಲಬೇಕು. 1990ರ 31ನೆಯ ವಾರದಲ್ಲಿಯೇ, ಆಗಸ್ಟ್ 2ರಂದು, ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿತು. ಎಲ್ಲೋ ದೂರದ ಕಾರ್ಖಾನೆಯಲ್ಲಿ ಆ ವಾರವೂ ಯಂತ್ರ ತಿಥಿ ಒತ್ತುತ್ತಲೇ ಇತ್ತು. ಇಲ್ಲಿ ಅಂಗಡಿಗಳು ಲೂಟಿಯಾಗುತ್ತಿದ್ದವು. ಟಿವಿ, ವಿಸಿಆರ್ ಹೊತ್ತವರು ಮ್ಯಾನುಯಲನ್ನು ಹುಡುಕಿ ಜೊತೆಗಿಟ್ಟುಕೊಂಡರು ಎನ್ನಲು ಯಾವ ಆಧಾರವೂ ಇಲ್ಲ.

ದೇಶವಿಚಾರ ಇಷ್ಟು ಕಷ್ಟದ್ದಲ್ಲ. ಅಮೆರಿಕದ ಟ್ರಾನ್ಸಿಸ್ಟರುಗಳು 2ಎನ್ ಎಂದು ಆರಂಭವಾಗುತ್ತವೆ. ಯುರೋಪಿನವಕ್ಕೆ 1966ರಿಂದ ಪ್ರೋ ಎಲೆಕ್ಟ್ರಾನ್ ಎಂಬ ವ್ಯಾಕರಣವಿದೆ: ಎ ಎಂದರೆ ಜರ್ಮೇನಿಯಂ, ಬಿ ಎಂದರೆ ಸಿಲಿಕಾನ್, ಎರಡನೆಯ ಅಕ್ಷರ ಸಿ ಆದರೆ ಮೆಲುದನಿಯ ಆಡಿಯೋ ಕೆಲಸ, ಡಿ ಆದರೆ ಗಟ್ಟಿದನಿ. ಜಪಾನಿನವು 2ಎಸ್‌ಎ, 2ಎಸ್‌ಬಿ, 2ಎಸ್‌ಸಿ, 2ಎಸ್‌ಡಿ; ಆದರೆ ವಿನಯದಿಂದಲೋ ಜಾಗ ಸಾಲದೆಯೋ ಮೊದಲಿನ 2ಎಸ್ ಬರೆಯುವುದಿಲ್ಲ, ಓದುಗರೇ ಅಧ್ಯಾಹಾರ ಮಾಡಿಕೊಳ್ಳಬೇಕು. ಆದ್ದರಿಂದ ನಮ್ಮ ‘ಡಿ31...’ ಜಪಾನು ದೇಶದ್ದು. ನಮ್ಮ ನಾಡಿನ ಎಸ್‌ಎಲ್100 ಈ ಯಾವ ವ್ಯಾಕರಣಕ್ಕೂ ಒಗ್ಗದ ದೇಸಿ ಪ್ರಯೋಗ. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಅದರ ಗ್ರಾಫ್ ಎಳೆದ ಕನ್ನಡಿಗರಿಗೆ ಲೆಕ್ಕವಿಲ್ಲ; ಅದರ ಮೂಲ ಡೇಟಾಶೀಟ್ ನೋಡಿದವರನ್ನು ಬೆರಳಲ್ಲಿ ಎಣಿಸಬಹುದು. ನಾವು ಅದನ್ನು ಗುರುಮುಖದಿಂದಲೇ ಕಲಿತದ್ದು.

ಮತವಿಚಾರದಲ್ಲಿ ಎರಡೇ ಪಂಥ, ಎನ್‌ಪಿಎನ್ ಮತ್ತು ಪಿಎನ್‌ಪಿ. ಜಪಾನಿನ ಎ, ಬಿ ಅಕ್ಷರದವು ಪಿಎನ್‌ಪಿ. ಸಿ, ಡಿ ಅಕ್ಷರದವು ಎನ್‌ಪಿಎನ್. ಇಲ್ಲಿ ಮತಾಂತರಕ್ಕೆ ಅವಕಾಶವಿಲ್ಲ, ಬಲವಂತ ಮಾಡಿದರೆ ಹೊಗೆ ಏಳುತ್ತದೆ. ಒಂದೇ ಮತದವರೊಳಗೂ ಆಚಾರಭೇದವಿದೆ. ಚಪ್ಪಟೆ ಮುಖವನ್ನು ನಮ್ಮ ಕಡೆ ತಿರುಗಿಸಿ ಎಡದಿಂದ ಕಾಲು ಎಣಿಸಿದರೆ ಬಿಸಿ547ಕ್ಕೆ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ಕ್ಕೆ ಎಮಿಟರ್, ಬೇಸ್, ಕಲೆಕ್ಟರ್. ಸಿ1815ಕ್ಕೆ ಎಮಿಟರ್, ಕಲೆಕ್ಟರ್, ಬೇಸ್. ಪುಸ್ತಕದಲ್ಲಿ ‘ಇಕ್ವಿವಲೆಂಟ್’ ಎಂದು ಕಂಡದ್ದನ್ನು ನಂಬಿ ಹಾಗೇ ತೂತಿಗೆ ಇಳಿಸುವವರು ಅರ್ಥ ತಿಳಿದರೂ ಅನ್ವಯ ತಿಳಿಯದವರು.

ಇಲ್ಲಿಗೆ ಕವಿಚರಿತೆಯ ಮೂರು ಅಂಗಗಳು ಮುಗಿದವು. ಕರ್ತೃವಿಚಾರವೇ ತೊಡಕಿನದು, ಇದಕ್ಕೆ ಹವಲ್ಲಿಯ ಭೂಗೋಳ ತಿಳಿದಿರಬೇಕು. ಕಂಪ್ಯೂಟರ್ ಅಂಗಡಿಗಳಿಗೆ ಹೆಸರಾದ ಇಲ್ಲಿನ ರಸ್ತೆಗೆ ಇಬ್ನ್ ಖಲ್ದೂನ್ ಹೆಸರಿಟ್ಟಿದ್ದಾರೆ. ಇಟ್ಟವರ ಉದ್ದೇಶ ಏನೇ ಇರಲಿ, ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ. 1377ರಲ್ಲಿ ‘ಮುಖದ್ದಿಮಾ’ ಬರೆದ ಆ ಮಹಾಶಯನ ಸಿದ್ಧಾಂತದ ಪ್ರಕಾರ ಒಂದು ರಾಜವಂಶದ ಆಯುಸ್ಸು ಸಾಮಾನ್ಯವಾಗಿ ಮೂರು ತಲೆಮಾರು, ತಲೆಮಾರಿಗೆ 40 ವರ್ಷ. ಮರುಭೂಮಿಯ ಗಟ್ಟಿಗರು ಬಂದು ರಾಜ್ಯ ಕಟ್ಟುತ್ತಾರೆ, ಮಕ್ಕಳು ಸುಖ ಪಡುತ್ತಾರೆ, ಮೊಮ್ಮಕ್ಕಳ ಕಾಲಕ್ಕೆ ಮೆತ್ತಗಾಗಿ ಇನ್ನೊಬ್ಬ ಗಟ್ಟಿಗನ ಪಾಲಾಗುತ್ತಾರೆ. ಅರೆವಾಹಕ ವಂಶಗಳಿಗೆ ಇಷ್ಟು ತಾಳ್ಮೆಯೂ ಇಲ್ಲ. 1957ರಲ್ಲಿ ಹುಟ್ಟಿದ ಫೇರ್‌ಚೈಲ್ಡ್ 1987ರಲ್ಲಿ ನ್ಯಾಷನಲ್ ಸೆಮಿಕಂಡಕ್ಟರಿಗೆ ಸಾಮಂತವಾಯಿತು, 1997ರಲ್ಲಿ ಸ್ವತಂತ್ರವಾಯಿತು, 2016ರಲ್ಲಿ ಆನ್ ಸೆಮಿಕಂಡಕ್ಟರಿನ ಕೈಸೇರಿತು. ಗೆದ್ದಿದ್ದ ನ್ಯಾಷನಲ್ ತಾನೇ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸಿನ ಹೊಟ್ಟೆ ಸೇರಿತು. 555 ಟೈಮರನ್ನು ಹಾನ್ಸ್ ಕಾಮೆನ್‌ಜಿಂಡ್ 1971ರಲ್ಲಿ ರಚಿಸಿಕೊಟ್ಟದ್ದು ಸಿಗ್ನೆಟಿಕ್ಸಿಗೆ. ಆ ಕಂಪನಿಯನ್ನು 1975ರಲ್ಲಿ ಫಿಲಿಪ್ಸ್ ಕೊಂಡಿತು. ಫಿಲಿಪ್ಸಿನ ಆ ಶಾಖೆ 2006ರಲ್ಲಿ ಎನ್‌ಎಕ್ಸ್‌ಪಿ ಎಂಬ ಹೊಸ ಗೋತ್ರ ಹಿಡಿಯಿತು. ನಮ್ಮ ‘ಡಿ31...’ ಸಾನ್ಯೋ ವಂಶದ್ದು, ಆ ವಂಶದ ಅರೆವಾಹಕ ಶಾಖೆಯೂ 2011ರಲ್ಲಿ ಆನ್‌ಗೆ ಸೇರಿತು.

ಪ್ರತಿ ಪಟ್ಟಾಭಿಷೇಕದಲ್ಲೂ ಡೇಟಾಶೀಟಿನ ಮೊದಲ ಪುಟಕ್ಕೆ ಹೊಸ ರಾಜಮುದ್ರೆ ಬೀಳುತ್ತದೆ. ಒಳಗೆ ಅದೇ ಹಳೆಯ ಗ್ರಾಫು, ಅದೇ ಹಳೆಯ ಟೈಪ್‌ರೈಟರ್ ಅಕ್ಷರ. ಹೊಸ ರಾಜ ‘ಈ ವಸ್ತು ಈಗ ತಯಾರಿಕೆಯಲ್ಲಿಲ್ಲ’ ಎಂದು ಮೇಲೊಂದು ಸಾಲು ಕೆತ್ತಿಸಿದರೆ ಅದು ಪುಣ್ಯ. ಹೆಚ್ಚಿನವರು ಹಳೆಯ ದಾನಶಾಸನಗಳನ್ನೇ ಕಿತ್ತುಹಾಕುತ್ತಾರೆ.

ಮುಖದ ಮೇಲಿನ ಹೆಸರೇ ಕರ್ತೃವಿನದಲ್ಲ ಎನ್ನುವುದಕ್ಕೆ ಕುವೈತಿನ ಸ್ವಂತ ಉದಾಹರಣೆಯೇ ಇದೆ. ಮೊಹಮ್ಮದ್ ಅಲ್ ಶಾರಿಖ್ ಎಂಬವರು 1982ರಲ್ಲಿ ಇಲ್ಲಿ ಕಟ್ಟಿದ ಸಂಸ್ಥೆ ಅರಬ್ಬೀ ಭಾಷೆ ಬಲ್ಲ ‘ಸಖ್ರ್’ ಕಂಪ್ಯೂಟರುಗಳನ್ನು ತಂದಿತು. ಅರಬ್ ದೇಶಗಳ ಒಂದು ತಲೆಮಾರಿನ ಮಕ್ಕಳು ಅದರ ಮುಂದೆಯೇ ಬೆಳೆದರು. ಅವುಗಳಲ್ಲಿ ಮನೆಮಾತಾದ ಎಎಕ್ಸ್-170ರ ಹೊರಗೆ ಸಖ್ರ್ ಎಂದಿದೆ. ತಯಾರಿಸಿದವರು ಜಪಾನಿನ ಯಮಹಾ. ‘ಕವಿರಾಜಮಾರ್ಗ’ ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ತಲೆ ಕೆಡಿಸಿಕೊಂಡವರಿಗೆ ಇಲ್ಲಿ ಹೊಸದೇನೂ ಇಲ್ಲ: ಪೋಷಕ ಅರಸ ಸಖ್ರ್, ಲೇಖನಿ ಹಿಡಿದವನು ಯಮಹಾ. ಆದ್ದರಿಂದ ಸಖ್ರಿನ ಸರ್ಕ್ಯೂಟ್ ಹುಡುಕುವವರು ಅರಸನ ಬಿರುದಾವಳಿ ಬಿಟ್ಟು ಕವಿಯ ಮನೆಗೇ ಹೋಗಬೇಕು. ಆಕ್ರಮಣವಾದ ಮೇಲೆ ಸಂಸ್ಥೆ ಈಜಿಪ್ಟಿಗೆ ಸ್ಥಳಾಂತರವಾಯಿತು. ಶಾರಿಖ್ ಅವರು ಮುಂದೆ ಹಳೆಯ ಅರಬ್ಬೀ ಸಾಹಿತ್ಯ ಪತ್ರಿಕೆಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ದೊಡ್ಡ ಭಂಡಾರವನ್ನೇ ಮಾಡಿಟ್ಟರು. 2024ರಲ್ಲಿ ತೀರಿಕೊಂಡರು. ಪತ್ರಿಕೆಗಳ ಪಕ್ಕದಲ್ಲಿ ಒಂದು ಕಪಾಟು ಸರ್ವಿಸ್ ಮ್ಯಾನುಯಲುಗಳಿಗೂ ಇಟ್ಟಿದ್ದರೆ ಎಂಬ ಆಸೆ ನಮ್ಮದು. ಅದು ಸ್ವಾರ್ಥ.

ಸರ್ವಿಸ್ ಮ್ಯಾನುಯಲ್ ಎಂಬುದು ಹುಟ್ಟಿನಿಂದಲೇ ರಹಸ್ಯಗ್ರಂಥ. ‘ಅಧಿಕೃತ ಸರ್ವಿಸ್ ಕೇಂದ್ರಗಳ ಉಪಯೋಗಕ್ಕೆ ಮಾತ್ರ’ ಎಂದು ತಲೆಯ ಮೇಲೆಯೇ ಬರೆದಿರುತ್ತದೆ. ಮೂಡಬಿದಿರೆಯ ಬಸದಿಯಲ್ಲಿ ಧವಳ ಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಹೊರಗೆ ಬಿಡದೆ ಕಾಪಾಡಿದರು, ಹಾಗಾಗಿಯೇ ಅವು ಉಳಿದವು. ಸರ್ವಿಸ್ ಕೇಂದ್ರಗಳು ಬಿಗಿಮಾಡುವುದನ್ನಷ್ಟೇ ಕಲಿತವು, ಕಾಪಾಡುವುದನ್ನು ಕಲಿಯಲಿಲ್ಲ. ಏಜೆನ್ಸಿ ಕೈಬದಲಾದ ದಿನ ಕಪಾಟು ಸಮೇತ ಗುಜರಿಗೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಬರೀ ಮ್ಯಾನುಯಲುಗಳನ್ನೇ ಮಾರುತ್ತಿದ್ದ ಅಂಗಡಿಯೊಂದು 2015ರಲ್ಲಿ ಮುಚ್ಚಿದಾಗ ಇಂಟರ್ನೆಟ್ ಆರ್ಕೈವಿನ ಜೇಸನ್ ಸ್ಕಾಟ್ ಎಂಬವರು ಜನ ಸೇರಿಸಿ ಸಾವಿರಾರು ಪ್ರತಿಗಳನ್ನು ಪೆಟ್ಟಿಗೆಗೆ ತುಂಬಿ ಸಾಗಿಸಿದರು. ನಮ್ಮ ಆಂಪ್ಲಿಫೈಯರಿನದು ಆ ಪೆಟ್ಟಿಗೆಗಳಲ್ಲಿ ಇದೆಯೋ ಎಂದು ಕೇಳಬೇಡಿ.

ಹೀಗೆ ಮೂಲ ಸಿಗದಾಗ ಪ್ರಮಾಣಗಳಿಗೆ ಮೊರೆಹೋಗಬೇಕು. ಶಬ್ದಪ್ರಮಾಣಕ್ಕೆ ಟಿ.ಡಿ. ಟವರ್ಸ್ ಅವರ ಟ್ರಾನ್ಸಿಸ್ಟರ್ ಸೆಲೆಕ್ಟರ್ ಇದೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಸಂಪ್ರದಾಯದಲ್ಲಿ ಬೆಳೆದವರಿಗೆ ಅದು ಅಮರಕೋಶ. ನಮಗೆ ಸಿಕ್ಕ ಭಾರತೀಯ ಮರುಮುದ್ರಣದಲ್ಲಿ 2ಎಸ್‌ಡಿ ಇರುವ ಪುಟಗಳೇ ಇಲ್ಲ, ಉಳಿದದ್ದೆಲ್ಲ ಸೊಗಸಾಗಿದೆ. ಸ್ಕ್ಯಾನ್ ಆದ ಇನ್ನೊಂದು ಪಾಠದಲ್ಲಿ ಪುಟವಿದೆ, ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಬೇಕಾದ ಸಾಲಿನ ಮೇಲಿದೆ. ಎಲ್ಲ ಡೇಟಾಶೀಟೂ ಆಪ್ತವಾಕ್ಯವಲ್ಲ ಎನ್ನುವುದನ್ನೂ ಮರೆಯಬಾರದು. 1970ರ ದಶಕದ ಆರಂಭದಲ್ಲಿ ಸಿಗ್ನೆಟಿಕ್ಸ್ 25120 ಎಂಬ ಐಸಿಗೆ ಡೇಟಾಶೀಟ್ ಹೊರಡಿಸಿತು: ಬರೆಯಬಹುದು, ಓದಲಾಗದು, ಅಂಥ ಮೆಮೊರಿ. ಎಷ್ಟು ಸಲ ಸಾಕೆಟ್ಟಿಗೆ ಚುಚ್ಚಿದರೆ ಎಷ್ಟು ಪಿನ್ ಉಳಿಯುತ್ತವೆ ಎಂಬ ಗ್ರಾಫ್ ಕೂಡ ಅದರಲ್ಲಿದೆ. ಪೂರ್ತಿ ತಮಾಷೆ. ಆದರೂ ಸರ್ಕಾರಿ ಕಚೇರಿಯ ಕಡತ ಕಂಡವರು ಅದು ಕಾಲ್ಪನಿಕ ಎಂದು ಒಪ್ಪುವುದು ಕಷ್ಟ.

ಅನುಪಲಬ್ಧಿ ಪ್ರಮಾಣಕ್ಕೆ ಇಲ್ಲಿನ ಕೌಂಟರುಗಳಲ್ಲಿ ಒಂದೇ ಮಾತು: ‘ಮಾಫಿ’. ಇದೆಯೋ ಇಲ್ಲವೋ ಎಂದು ಹುಡುಕುವ ಮೊದಲೇ ಇಲ್ಲವೆಂಬ ಜ್ಞಾನ ಅಂಗಡಿಯವನಿಗೆ ಆಗಿರುತ್ತದೆ. ಮೀಮಾಂಸಕರಿಗೂ ಇದು ಸಿದ್ಧಿಸಿರಲಿಲ್ಲ.

ಉಳಿದದ್ದು ಅನುಮಾನ. ಸ್ಟೀರಿಯೋ ಎಂದ ಮೇಲೆ ಎಡ ಚಾನೆಲ್ ನೋಡಿದರೆ ಸಾಕಲ್ಲ ಎಂದು ಪೂರ್ವಪಕ್ಷ. ನೋಡಿದೆವು. ಅಲ್ಲಿ ಹಿಂದೆ ಯಾರೋ ರಿಪೇರಿ ಮಾಡಿ ಟಿಐಪಿ41, ಟಿಐಪಿ42 ಕೂರಿಸಿದ್ದಾರೆ. ಬೆಸುಗೆಯ ಕೈಬರಹವೇ ಬೇರೆ. ಆ ಭಾಗ ಪ್ರಕ್ಷಿಪ್ತ, ನಿರ್ಣಯಕ್ಕೆ ಬಾರದು. ಹೀಗೆ ತಿಣುಕುತ್ತಿದ್ದಾಗ ರಿಪೇರಿ ಅಂಗಡಿಯ, ಕುಂದಾಪುರ ಸೀಮೆಯ ಮೆಕ್ಯಾನಿಕರು ಚಹಾದ ಲೋಟ ಬದಿಗಿಟ್ಟು, “ಸುಟ್ಟದ್ದನ್ನ್ ಎಂತಕ್ಕೆ ಓದ್ತ್ರಿ ಮಾರಾಯ್ರೆ, ಅದ್ರ್ ಪಕ್ಕದ್ ಕಾಣಿ” ಎಂದರು. ಪಕ್ಕದಲ್ಲಿ ಅದರ ಜೋಡಿ ಇತ್ತು. ಜೀವ ಹೋಗಿತ್ತು, ಅಕ್ಷರ ಉಳಿದಿತ್ತು: ಬಿ507. 2ಎಸ್‌ಬಿ507ರ ಧರ್ಮಪತ್ನಿ 2ಎಸ್‌ಡಿ313. 60 ವೋಲ್ಟ್, 3 ಆಂಪಿಯರ್. ಲುಪ್ತವಾದ ಅಂಕಿ 3 ಎಂದು ಸಿದ್ಧಾಂತ.

ಎದುರಂಗಡಿಯ ಕಾಸರಗೋಡಿನವರು ಇದನ್ನು ಒಪ್ಪಲಿಲ್ಲ. ಈ ಯಂತ್ರದ ಮ್ಯಾನುಯಲನ್ನು ಯುದ್ಧಕ್ಕೆ ಮುಂಚೆ ತಾವು ಕಣ್ಣಾರೆ ಕಂಡಿದ್ದಾಗಿಯೂ, ಅದರಲ್ಲಿ 314 ಎಂದಿತ್ತೆಂದೂ, ಕಾರ್ಖಾನೆಯವರು ಆ ದಿನ ಡಬ್ಬಿಯಲ್ಲಿದ್ದ ಜೋಡಿ ಹಾಕಿರುತ್ತಾರೆಂದೂ ಅವರ ವಾದ. ಮ್ಯಾನುಯಲ್ ಎಲ್ಲಿ ಎಂದರೆ ಅಂಗಡಿಯಲ್ಲಿ ಬಿಟ್ಟು ಊರಿಗೆ ಹೋಗಿದ್ದರಂತೆ. ಅದಾದ ಮೇಲೆ ಎರಡು ಅಂಗಡಿಗಳ ನಡುವೆ 313ರ ಪಂಥ, 314ರ ಪಂಥ ಎಂದು ಎರಡು ಹುಟ್ಟಿಕೊಂಡವು. ಮಂಗಳೂರಿನ ಒಬ್ಬರು ಎರಡೂ ಸರಿ ಎಂದು ಸಮನ್ವಯ ಮಾಡಹೋಗಿ ಇಬ್ಬರಿಂದಲೂ ಬೈಸಿಕೊಂಡರು.

ಇಲ್ಲಿ ಯಂತ್ರಗಳು ಕೆಡುವುದೇಕೆ ಎಂದು ಕೇಳುವವರಿಗೆ ಕುವೈತಿನ ಸೆಕೆಯ ಬಗೆಗೂ ಒಂದು ಮಾತು ಹೇಳಬೇಕು. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶವಿದು. ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರಿನ ಆಯುಸ್ಸು ಪ್ರತಿ 10 ಡಿಗ್ರಿ ಏರಿಕೆಗೆ ಅರ್ಧಕ್ಕೆ ಇಳಿಯುತ್ತದೆ. ಜೂನ್‌ನಿಂದ ಆಗಸ್ಟ್ ಕೊನೆಯ ತನಕ ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮನುಷ್ಯರಿಂದ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವಿದೆ, ಕೆಪ್ಯಾಸಿಟರಿಗೆ ಆ ಭಾಗ್ಯವಿಲ್ಲ. ಮನುಷ್ಯರ ವಿಷಯದಲ್ಲೂ ನಿಯಮದ ಡೇಟಾಶೀಟ್ ಬೇರೆ, ಸೈಟಿನ ಅಳತೆ ಬೇರೆ ಎಂದು ಕೆಲವರು ಹೇಳುತ್ತಾರೆ; ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಅಸಲಿ ಡಿ313 ಎಲ್ಲೂ ಸಿಗಲಿಲ್ಲ. ಒಂದು ಕಡೆ ಸಿಕ್ಕದ್ದನ್ನು ಆಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರೆ ಅಕ್ಷರ ಹತ್ತಿಗೆ ಬಂತು, ಕೆಳಗೆ ಇನ್ನೊಂದು ಹೆಸರಿನ ಗೀರು ಕಂಡಿತು. ಕೊನೆಗೆ ಕುಂದಾಪುರದವರು ಡ್ರಾಯರ್ ಎಳೆದು ಟಿಐಪಿ41, ಟಿಐಪಿ42 ಒಂದೊಂದು ತೆಗೆದು ಬೆಸೆದುಬಿಟ್ಟರು. ಈಗ ಎರಡು ಚಾನೆಲ್ಲೂ ಸಮನಾಗಿ ಪ್ರಕ್ಷಿಪ್ತ, ಎರಡೂ ಹಾಡುತ್ತವೆ. ನಮ್ಮ ಏಕೈಕ ಆಧಾರವಾಗಿದ್ದ ಬಿ507 ತವರದ ಚೂರುಗಳ ಜೊತೆ ಕಸದ ಡಬ್ಬಿ ಸೇರಿತು. ಅದನ್ನು ಮುಂದಿನ ಸಂಶೋಧಕರಿಗಾಗಿ ಎತ್ತಿಡಬೇಕಿತ್ತು ಎಂದು ನಾವು ಆಕ್ಷೇಪಿಸಿದಾಗ ಅವರು ಮುಚ್ಚಳದ ಸ್ಕ್ರೂ ಬಿಗಿಯುತ್ತ, ಎರಡು ದಿನಾರ್ ಕೊಡಿ ಎಂದರು.