ಕೋಡಿಗ ಲಕ್ಷಣ: ಒಂದು ಪ್ರಮಾಣ ಮೀಮಾಂಸೆ

ಕೋಡ್ ಬರೆಯುವವನು ಕೋಡಿಗ. ಕೆಲವು ಪ್ರತಿಗಳಲ್ಲಿ ‘ಕೋಡಗ’ ಎಂಬ ಪಾಠಾಂತರವಿದೆ. ಟ್ಯಾಬಿನಿಂದ ಟ್ಯಾಬಿಗೆ ನೆಗೆಯುವ ಅವನ ಸ್ವಭಾವ ಕಂಡವರು ಅದನ್ನೂ ತಳ್ಳಿಹಾಕಲಾರರು. ಉತ್ತಮ ಕೋಡಿಗನ ಲಕ್ಷಣವೇನು? ಹತ್ತು ಭಾಷೆ ಬಲ್ಲವನು ಎಂಬುದು ಪೂರ್ವಪಕ್ಷ. ಅದು ರೆಸ್ಯೂಮೆಯ ಲಕ್ಷಣವೇ ಹೊರತು ಮನುಷ್ಯನದಲ್ಲ. ಬಗ್ಗನ್ನು ಯಾವ ಪ್ರಮಾಣದಿಂದ ಅರಿಯುತ್ತಾನೆ ಎಂಬುದೇ ಒರೆಗಲ್ಲು ಎಂದು ನಮ್ಮ ವಾದ.

ಮೊದಲು ಪ್ರತ್ಯಕ್ಷ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್‌ನ ಮಾರ್ಕ್ 2 ಗಣಕದ ರಿಲೇಯೊಳಗೆ ಪತಂಗವೊಂದು ಸಿಕ್ಕಿತು. ಅಲ್ಲಿದ್ದವರು ಅದನ್ನು ಲಾಗ್‌ಬುಕ್ಕಿಗೆ ಟೇಪಿನಿಂದ ಅಂಟಿಸಿ, ನಿಜವಾದ ಬಗ್ ಸಿಕ್ಕಿದ್ದು ಇದೇ ಮೊದಲು ಎಂದು ಷರಾ ಬರೆದರು. ಬಗ್ ಎಂಬ ಮಾತು ಹುಟ್ಟಿದ್ದೇ ಅಲ್ಲಿ ಎನ್ನುವವರುಂಟು. ಎಡಿಸನ್ 1878ರಲ್ಲೇ ಅದನ್ನು ಪತ್ರದಲ್ಲಿ ಬಳಸಿದ್ದರಿಂದ ಆ ಪಕ್ಷ ಬಿದ್ದುಹೋಗುತ್ತದೆ. ಅದೇನೇ ಇರಲಿ, ಹುಳು ಕಣ್ಣಿಗೆ ಕಂಡಿತು, ಕೈಗೆ ಸಿಕ್ಕಿತು, ಪುಟಕ್ಕೆ ಅಂಟಿತು. ಇದಕ್ಕಿಂತ ಶುದ್ಧ ಪ್ರತ್ಯಕ್ಷ ಶಾಸ್ತ್ರದಲ್ಲಿಲ್ಲ. ‘ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ಓಡ್ತಿದೆ’ ಎಂಬುದೂ ಪ್ರತ್ಯಕ್ಷವಲ್ಲವೇ ಎಂದರೆ, ಅಲ್ಲ. ಹಗ್ಗವನ್ನು ಹಾವೆಂದು ಬೆಚ್ಚುವವನು ಬರೀ ಭ್ರಾಂತ. ಇವನು ಹಾವನ್ನೇ ಹಗ್ಗವೆಂದು ಸುತ್ತಿ ಕ್ಲೈಂಟಿನ ಕೈಗೆ ಕೊಡುವವನು.

ಅನುಮಾನಕ್ಕೆ ವ್ಯಾಪ್ತಿ ಬೇಕು, ಅಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿ ಎಂಬಂಥ ತಪ್ಪದ ನಂಟು. ಏರಿಯಾನ್ 4 ರಾಕೆಟ್ಟಿನಲ್ಲಿ ಓಡಿದ ಕೋಡು ಏರಿಯಾನ್ 5ರಲ್ಲೂ ಓಡೀತೆಂದು ಯುರೋಪಿನ ಬಲ್ಲವರು ಊಹಿಸಿದರು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿಗೆ ತುರುಕಹೋದರೆ 32,767ರ ಆಚೆಗಿನದು ಹಿಡಿಯುವುದಿಲ್ಲ. ಸೇರಿಗೆ ಕೊಳಗದ ಭತ್ತ ಸುರಿದ ಹಾಗೆ. 1996ರ ಜೂನ್ 4ರಂದು ಹಾರಿದ ರಾಕೆಟ್ ಸುಮಾರು 40 ಸೆಕೆಂಡಿನಲ್ಲಿ ದಾರಿ ತಪ್ಪಿ ಸಿಡಿಯಿತು. ಅಲ್ಲಿ ಹೊಗೆಯೂ ಇತ್ತು, ಬೆಂಕಿಯೂ ಇತ್ತು, ವ್ಯಾಪ್ತಿಯೊಂದು ಇರಲಿಲ್ಲ.

ಶಬ್ದಪ್ರಮಾಣವೆಂದರೆ ಆಪ್ತವಾಕ್ಯ. 2008ರಲ್ಲಿ ಬಂದ ಸ್ಟಾಕ್ ಓವರ್‌ಫ್ಲೋ ಬಹುಕಾಲ ಆ ಪೀಠದಲ್ಲಿತ್ತು, ಪ್ರಶ್ನೆ ಕೇಳಿದವನಿಗೇ ಬೈದು ಕಳಿಸುವ ಗುರುವಿನಂತೆ. ಈಗ ಪೀಠವೇರಿರುವ ಎಐ ಬೈಯುವುದಿಲ್ಲ, ಎಲ್ಲಕ್ಕೂ ಹೂಂಗುಡುತ್ತದೆ. ಯಾವುದು ಹೆಚ್ಚು ಅಪಾಯವೆಂದು ಈಗಲೇ ಹೇಳಲಾರೆ. ಇನ್ನು ಕಾಣದಿರುವುದರಿಂದಲೇ ಇಲ್ಲವೆಂದು ಅರಿಯುವ ಅನುಪಲಬ್ಧಿ. ಅದಕ್ಕೆ ಉದಾಹರಣೆ ಡಾಕ್ಯುಮೆಂಟೇಷನ್. ಅದರ ವಿಚಾರ ಇಷ್ಟೇ.

ಇನ್ನು ಸಿದ್ಧಾಂತ. ಹೋದ ವರ್ಷ ನಮ್ಮ ಸರ್ವರ್ ಮಲಗಿದಾಗ ನಾನೂ ಇಬ್ಬರು ಆರ್ಕಿಟೆಕ್ಟ್‌ಗಳೂ ರಾತ್ರಿ ಎರಡರವರೆಗೆ ವೈಟ್‌ಬೋರ್ಡಿನ ಮೇಲೆ ಪಂಚಾವಯವ ವಾಕ್ಯ ಹೂಡಿ, ದೋಷ ನೆಟ್‌ವರ್ಕಿನದೆಂದು ಸಾಧಿಸಿದೆವು. ನೆಟ್‌ವರ್ಕಿನವರು ಅದನ್ನು ಖಂಡಿಸಿ ಡೇಟಾಬೇಸಿನ ತಲೆಗೆ ಕಟ್ಟಿದರು. ಹಾವೇರಿಯಿಂದ ಬಂದು ಸೇರಿ ಆರು ವಾರವಾಗಿದ್ದ ಫ್ರೆಷರ್ ಹುಡುಗಿ ಪರದೆಯತ್ತ ಬಗ್ಗಿ ನೋಡಿ, ‘ಡಿಸ್ಕ್ ತುಂಬೇತಿ ಅಂತ ಇಲ್ಲೇ ಬರದೈತಲ್ರೀ ಸರ’ ಎಂದಳು.

ಡಿಸ್ಕ್ ತುಂಬಿದ್ದು ಲಾಗ್‌ಗಳಿಂದ. ಮೂರು ವರ್ಷದ್ದು, ಯಾರೂ ಒಮ್ಮೆಯೂ ತೆರೆದು ನೋಡದವು.